ಅಂಗನವಾಡಿ ಅಜ್ಜಿ ಹೆಸರಲ್ಲಿ ದತ್ತಿ ಇಟ್ಟಿದ್ದು: ಮುಂದೆ ಇಡೋರಿಗೆ ಉಪಯೋಗ ಆಗ್ಲಿ ಅಂತ

ಅಂತೂ ಇಂತೂ ನಮ್ಮಜ್ಜಿ ಹೆಸರಿನ ದತ್ತಿನಿಧಿಯ (ಅಸಲು ಹಾಗೇ ಇಟ್ಟು ಬಡ್ಡಿ ಮಾತ್ರ ಖರ್ಚು ಮಾಡೋ ದುಡ್ಡು) ಠೇವಣಿ ರಸೀದಿ ಹೋದ ವಾರ ಕೈಗೆ ಬಂತು. ಅಜ್ಜಿ ತೀರಿಕೊಂಡು ವರ್ಷದ ಹತ್ತಿರ ಆಯ್ತು. ಇದರಲ್ಲಿ ಅರ್ಧ ಸಮಯ ಕಾಗದ ಪತ್ರಕ್ಕೇ ಹೋಯ್ತು, ಇನ್ನರ್ಧ ಮನೆಯವರೆಲ್ಲ ಕೂತು ಮಾತಾಡಿ ಒಂದು ತೀರ್ಮಾನಕ್ಕೆ ಬರೋಕೆ. ಮನೆ ಹಿರಿಯರ ಹೆಸರಲ್ಲಿ ಊರಿನ ಶಾಲೆಗೋ ಅಂಗನವಾಡಿಗೋ ಏನಾದ್ರೂ ಮಾಡ್ಬೇಕು ಅಂತ ತುಂಬಾ ಜನಕ್ಕೆ ಆಸೆ ಇರತ್ತೆ, ಆದ್ರೆ ಎಲ್ಲಿಂದ ಶುರು ಮಾಡ್ಬೇಕು ಯಾರನ್ನ ಕೇಳ್ಬೇಕು ಗೊತ್ತಾಗಲ್ಲ, ನಮಗೂ ಹೇಳೋರು ಇರ್ಲಿಲ್ಲ. ಅದಕ್ಕೇ ಇದೆಲ್ಲ ನೆನಪಿರುವಾಗಲೇ ಬರೆದಿಡ್ತಿದೀನಿ.

ಮೊದಲು ಅಜ್ಜಿ ಬಗ್ಗೆ ಹೇಳ್ಬೇಕು, ಇಲ್ಲಾಂದ್ರೆ ನಾವು ಯಾಕೆ ಇಷ್ಟು ಹಠ ಹಿಡಿದ್ವಿ ಅನ್ನೋದು ಅರ್ಥ ಆಗಲ್ಲ. ಅವರು ನಮ್ಮಮ್ಮನ ಅಮ್ಮ, ಮೈಸೂರು ಜಿಲ್ಲೆಯ ಒಂದು ಹಳ್ಳೀಲಿ ಅಂಗನವಾಡಿ ಕಾರ್ಯಕರ್ತೆ ಆಗಿದ್ದೋರು. ನಮ್ಮ ರಾಜ್ಯದಲ್ಲಿ ಅಂಗನವಾಡಿಗಳನ್ನ ನಡೆಸೋ ಐಸಿಡಿಎಸ್ ಯೋಜನೆ ಮೊದಲು ಶುರುವಾಗಿದ್ದು ಟಿ. ನರಸೀಪುರ ತಾಲ್ಲೂಕಲ್ಲಿ, 1975ರ ಅಕ್ಟೋಬರ್ 2ಕ್ಕೆ. ಅದಾದ ಕೆಲವೇ ವರ್ಷಕ್ಕೆ ಅಜ್ಜಿ ಸೇರಿದ್ರು. ಕೈಗೆ ಬರ್ತಿದ್ದಿದ್ದು ತಿಂಗಳಿಗೆ ಇನ್ನೂರು ರೂಪಾಯಿ ಒಳಗೆ, ಅದಕ್ಕೆ ಸಂಬಳ ಅಂತಲೂ ಅನ್ನಲ್ಲ, ಗೌರವಧನ. ಕೇಂದ್ರಕ್ಕೆ ಸ್ವಂತ ಕಟ್ಟಡ ಇರ್ಲಿಲ್ಲ, ಎಷ್ಟೋ ವರ್ಷ ಒಬ್ಬರ ಮನೆ ಪಡಸಾಲೇಲೇ ನಡೀತು. ತೊಲೆಗೆ ತೂಕದ ಸ್ಕೇಲ್ ನೇತುಹಾಕಿ ಬಟ್ಟೆ ಚೀಲದಲ್ಲಿ ಮಗೂನ ಕೂರಿಸಿ ತೂಕ ನೋಡೋರು, ಮಗು ಅತ್ತು ಒದ್ದಾಡಿದ್ರೆ ಮುಳ್ಳು ನಿಲ್ಲೋವರೆಗೂ ಹಾಡು ಹೇಳ್ತಾ ಕಾಯೋರು, ಅಂದಾಜಿಗೆ ಬರ್ಕೊಂಡವರೇ ಅಲ್ಲ. ಮಗೂ ತೂಕ ಎಷ್ಟು ಕಮ್ಮಿ ಅನ್ನೋದಕ್ಕೆ ಆಗ ಈಗಿನ ತರ ಹಸಿರು ಹಳದಿ ಕಿತ್ತಳೆ ಅಂತಿರ್ಲಿಲ್ಲ, ಒಂದನೇ ಗ್ರೇಡ್ ಎರಡನೇ ಗ್ರೇಡ್ ಅಂತ ನಾಲ್ಕರವರೆಗೆ ಇತ್ತು, ನಾಲ್ಕು ಅಂದ್ರೆ ತೀರಾ ಕಮ್ಮಿ. ಮೂರು ನಾಲ್ಕಕ್ಕೆ ಇಳಿದ ಮಗು ಅಂದ್ರೆ ಅಜ್ಜಿಗೆ ರಾತ್ರಿ ನಿದ್ದೆ ಬರ್ತಿರ್ಲಿಲ್ಲ, ಬೆಳಿಗ್ಗೆ ಕೇಂದ್ರದ ಬಾಗಿಲು ತೆಗೆಯೋ ಮೊದಲೇ ಆ ಮನೆ ಮುಂದೆ ನಿಂತಿರೋರು.

1995ರಲ್ಲಿ ಪಲ್ಸ್ ಪೋಲಿಯೋ ಶುರುವಾದ ಮೇಲೆ ಲಸಿಕೆ ಡಬ್ಬ ಹೆಗಲಿಗೆ ಹಾಕ್ಕೊಂಡು ಮನೆ ಮನೆಗೆ ಹೋಗೋರು. ಹನಿ ಹಾಕಿ ಎಡಗೈ ಕಿರುಬೆರಳಿಗೆ ಮಾರ್ಕರ್‌ನಲ್ಲಿ ಗುರುತು ಹಾಕೋದು, ಆಮೇಲೆ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರಿಯೋದು. ರಜಕ್ಕೆ ಹೋದಾಗ ನಾನೂ ಹಿಂದೆ ಹಿಂದೆ ಹೋಗ್ತಿದ್ದೆ. ಯಾವ ಮನೇಲಿ ಮಗು ಸಿಗಲಿಲ್ವೋ ಆ ಬಾಗಿಲಿಗೆ ಬೇರೆ ಗುರುತು, ಸಾಯಂಕಾಲ ಮತ್ತೆ ಆ ಮನೆಗೆ ಹೋಗ್ಲೇಬೇಕು. ಕಬ್ಬು ಕಡಿಯೋಕೆ ಬೇರೆ ಕಡೆಯಿಂದ ಬಂದು ಗದ್ದೆ ಬದೀಲಿ ಗುಡಿಸಲು ಹಾಕ್ಕೊಂಡಿರೋರ ಮಕ್ಕಳು ಯಾವ ಲಿಸ್ಟಲ್ಲೂ ಇರ್ತಿರ್ಲಿಲ್ಲ, ಅವರನ್ನ ಹುಡುಕ್ಕೊಂಡು ಹೋಗೋದು ಅಜ್ಜಿಗೆ ಎಲ್ಲಕ್ಕಿಂತ ಮುಖ್ಯ. 2014ರ ಮಾರ್ಚಲ್ಲಿ ಭಾರತ ಪೋಲಿಯೋಮುಕ್ತ ಅಂತ ಸರ್ಟಿಫಿಕೇಟ್ ಸಿಕ್ಕಾಗ ಅವರು ರಿಟೈರ್ ಆಗಿ ವರ್ಷಗಳಾಗಿತ್ತು, ಟಿವೀಲಿ ಆ ಸುದ್ದಿ ನೋಡಿ ಅವತ್ತೆಲ್ಲ ಮನೇಲಿ ಅದೇ ಮಾತು.

ತಿಥಿ ದಿನ ಊರೇ ಬಂದಿತ್ತು ಅಂದ್ರೆ ಉತ್ಪ್ರೇಕ್ಷೆ ಅಲ್ಲ. ಲಾರಿ ಓಡಿಸೋರು, ನರ್ಸ್ ಆಗಿರೋರು, ಬೆಂಗಳೂರಲ್ಲಿ ಕಂಪನೀಲಿರೋರು, ಎಲ್ರೂ ಒಂದೇ ಮಾತು, ಮೇಡಂ ನನ್ನ ತೂಕ ನೋಡ್ತಿದ್ರು ಅಂತ. ಒಬ್ಬ ತಾಯಿ ಬಂದು ನಮ್ಮಮ್ಮನ ಕೈ ಹಿಡ್ಕೊಂಡು, ನನ್ನ ಮಗಳಿಗೆ ವಾಂತಿ ಭೇದಿ ಆದಾಗ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಚಮಚ ಸಕ್ಕರೆ ಅರ್ಧ ಚಮಚ ಉಪ್ಪು ಅಂತ ಎದುರಿಗೇ ನಿಂತು ಮಾಡಿಸಿ, ಆಮೇಲೆ ತಾಲ್ಲೂಕು ಆಸ್ಪತ್ರೆಗೆ ಹೋಗೋಕೆ ಬಸ್ ಚಾರ್ಜ್ ಕೊಟ್ಟು ಕಳ್ಸಿದ್ರು, ಆ ದುಡ್ಡು ವಾಪಸ್ ಕೊಡೋಕೆ ಹೋದ್ರೆ ಇನ್ಯಾರಿಗಾದ್ರೂ ಬೇಕಾಗತ್ತೆ ಇಟ್ಕೋ ಅಂದ್ರು ಅಂತ ಹೇಳಿ ಅಳ್ತಿದ್ರು. ಬಸ್ ಚಾರ್ಜ್ ವಿಷಯ ಅವತ್ತು ಎಷ್ಟು ಜನದ ಬಾಯಲ್ಲಿ ಬಂತು ಅಂದ್ರೆ ನಮಗೇ ಆಶ್ಚರ್ಯ, ಮನೇಲಿ ಅಜ್ಜಿ ಅದನ್ನ ಒಂದು ಸಲವೂ ಹೇಳಿದವರಲ್ಲ. ಆಮೇಲೆ ಅವರ ಟ್ರಂಕಲ್ಲಿ ಉದ್ದದ ನೋಟ್ ಬುಕ್‌ಗಳು ಸಿಕ್ವು, ಇಲಾಖೆ ರಿಜಿಸ್ಟರ್ ಅಲ್ಲ, ಅವರದೇ ಸ್ವಂತದ್ದು. ಮಗೂ ಹೆಸರು, ತೂಕ, ಪಕ್ಕದಲ್ಲಿ ಬಸ್ಸಿಗೆ ಇಷ್ಟು ಅಂತ ಬರೆದಿದ್ರು, ಕೊಟ್ಟಿದ್ದು ವಾಪಸ್ ಬಂತಾ ಇಲ್ವಾ ಅನ್ನೋ ಕಾಲಂ ಮಾತ್ರ ಎಲ್ಲೂ ಇಲ್ಲ. ಆ ನೋಟ್ ಬುಕ್ ನೋಡಿದ ಮೇಲೆ ಅಜ್ಜಿ ಉಳಿಸಿಟ್ಟಿರೋ ದುಡ್ಡನ್ನ ಹಂಚ್ಕೊಳ್ಳೋದು ಬೇಡ, ಮಕ್ಕಳಿಗೇ ಹೋಗ್ಲಿ ಅಂತ ಅಮ್ಮ ಹೇಳಿದ್ರು, ಚಿಕ್ಕಮ್ಮನೂ ಮಾವನೂ ಒಪ್ಪಿದ್ರು.

ಸರಿ, ಈಗ ಕಾಗದದ ಕಥೆಗೆ ಬರ್ತೀನಿ. ಮೊದಲನೇದು ಮರಣ ಪ್ರಮಾಣಪತ್ರ. ಅಜ್ಜಿ ತೀರಿಕೊಂಡಿದ್ದು ಮೈಸೂರಿನ ಒಂದು ಆಸ್ಪತ್ರೇಲಿ, ಮನೆ ಇರೋದು ಹಳ್ಳೀಲಿ. ಊರಲ್ಲೇ ಮಾಡಿಸ್ಕೊಳ್ಳೋಣ ಅಂತ ಮಾವ ಅಂದ್ರು, ಆದ್ರೆ ನಿಯಮ ಏನಂದ್ರೆ ಸಾವು ಎಲ್ಲಾಯ್ತೋ ಅಲ್ಲೇ ನೋಂದಣಿ, ವಾಸ ಎಲ್ಲಿತ್ತು ಅನ್ನೋದು ಲೆಕ್ಕಕ್ಕೆ ಬರಲ್ಲ. ಆಸ್ಪತ್ರೇಲಾದ್ರೆ ಮಾಹಿತಿ ಕಳಿಸೋ ಜವಾಬ್ದಾರಿ ಆಸ್ಪತ್ರೆಯವರದ್ದು, ಮನೇಲಾದ್ರೆ ಮನೆಯವರದ್ದು. 21 ದಿನದೊಳಗೆ ಆದ್ರೆ ಯಾವ ತೊಂದರೇನೂ ಇಲ್ಲ, ಅದು ದಾಟಿ 30 ದಿನದವರೆಗೆ ತಡದ ಶುಲ್ಕ ಬೀಳತ್ತೆ, ಅದೂ ದಾಟಿದ್ರೆ ಮೇಲಿನವರ ಅನುಮತಿ, ಇನ್ನಷ್ಟು ಕಾಗದ ಅಂತ ಬೆಳೆಯತ್ತೆ. ಅದಕ್ಕೆ ಮನೇಲಿ ದುಃಖ ಇದ್ರೂ ಯಾರಾದ್ರೂ ಒಬ್ರು ಈ ಕೆಲಸ ಹಿಡ್ಕೊಂಡು ಬಿಡ್ಬೇಕು. ನಾನು ಎಲ್ಲಕ್ಕಿಂತ ಒತ್ತಿ ಹೇಳೋದು ಏನಂದ್ರೆ, ಆಸ್ಪತ್ರೆಯವರು ಫಾರಂ ತುಂಬಿಸುವಾಗ ಹೆಸರಿನ ಒಂದೊಂದು ಅಕ್ಷರಾನೂ ಆಧಾರ್ ಜೊತೆ ಹೋಲಿಸಿ ನೋಡಿ ಆಮೇಲೆ ಸಹಿ ಹಾಕಿ. ಆ ಹೊತ್ತಲ್ಲಿ ಯಾರಿಗೂ ಮನಸ್ಸು ನೆಟ್ಟಗಿರಲ್ಲ, ಆದ್ರೆ ಆ ಐದು ನಿಮಿಷ ಮುಂದೆ ತಿಂಗಳುಗಟ್ಟಲೆ ಉಳಿಸತ್ತೆ. ಪ್ರಮಾಣಪತ್ರ ಒಂದಕ್ಕಿಂತ ಹೆಚ್ಚು ಪ್ರತಿ ತಗೊಳ್ಳಿ, ಬ್ಯಾಂಕು ಅಂಚೆ ಕಚೇರಿ ಎರಡೂ ಕಡೆ ಒರಿಜಿನಲ್ ತೋರಿಸಿ ಅಂತಾರೆ.

ನಮ್ಮ ದೊಡ್ಡ ತಲೆನೋವು ಹೆಸರೇ ಆಗಿತ್ತು. ಅಜ್ಜಿ ಕೆಲಸದ ದಾಖಲೇಲಿ ಹೆಸರಿನ ಮುಂದೆ ತವರಿನ ಇನಿಷಿಯಲ್, ಬ್ಯಾಂಕ್ ಪಾಸ್ ಬುಕ್ಕಲ್ಲಿ ತಾತನ ಇನಿಷಿಯಲ್, ಆಧಾರಲ್ಲಿ ಇನಿಷಿಯಲ್ಲೇ ಇಲ್ಲ, ಹೆಸರಿನ ಕೊನೇ 'ಅಮ್ಮ' ಕೂಡ ಬಿಟ್ಟೋಗಿದೆ. ಆ ಕಾಲದ ಹೆಂಗಸರ ದಾಖಲೆಗಳಲ್ಲಿ ಇದು ಮಾಮೂಲಿ, ಯಾರು ಬರ್ಕೊಂಡ್ರೋ ಅವರಿಗೆ ತೋಚಿದ ಹಾಗೆ ಬರ್ಕೊಂಡಿರ್ತಾರೆ. ಬ್ಯಾಂಕಲ್ಲಿ, ಈ ಮೂರೂ ಒಬ್ರೇ ಅಂತ ಏನು ಗ್ಯಾರಂಟಿ ಅಂದ್ರು. ಊರಲ್ಲಿ ಯಾವ ಮಗೂನ ಕೇಳಿದ್ರೂ ಹೇಳ್ತಾವೆ ಅನ್ನೋಣ ಅನ್ಸಿತು, ಅವರಿಗೆ ಬೇಕಾಗಿದ್ದು ಕಾಗದ. ಇ-ಸ್ಟಾಂಪ್ ಪೇಪರ್ ಮೇಲೆ ಅಫಿಡವಿಟ್ ಮಾಡಿಸಿ ನೋಟರಿ ಹಾಕಿಸಿದ್ವಿ. ನಮ್ಮ ರಾಜ್ಯದಲ್ಲಿ 2024ರ ಫೆಬ್ರವರಿಯಿಂದ ಅಫಿಡವಿಟ್ಟಿಗೆ 100 ರೂಪಾಯಿ ಸ್ಟಾಂಪ್ ಬೇಕು, ಮೊದಲು 20 ಇತ್ತು. ಟೈಪಿಂಗು ನೋಟರಿ ಎಲ್ಲಾ ಸೇರಿ ಖರ್ಚು ಬೇರೆ ಬೇರೆ ಕಡೆ ಬೇರೆ ಬೇರೆ, ಮೊದಲೇ ಕೇಳ್ಕೊಳ್ಳಿ. ಅಫಿಡವಿಟ್ಟಲ್ಲಿ ಹೆಸರಿನ ಎಲ್ಲಾ ರೂಪಗಳನ್ನೂ, ಯಾವ ದಾಖಲೇಲಿ ಯಾವುದಿದೆ ಅನ್ನೋದನ್ನ ದಾಖಲೆ ನಂಬರ್ ಸಮೇತ ಒಂದೇ ಸಲ ಬರೆಸಿ. ಒಂದು ಕಡೆಗೆ ಅಂತ ಮಾಡಿಸಿದ್ರೆ ಇನ್ನೊಂದು ಕಡೆ ಹೊಸದು ಕೇಳ್ತಾರೆ.

ವಂಶವೃಕ್ಷಕ್ಕೆ ನಾಡಕಚೇರೀಲಿ ಅರ್ಜಿ ಹಾಕಿದ್ವಿ. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರು ಬಿಡಬಾರದು, ಊರ ಕಡೆ ಇನ್ನೂ ಗಂಡುಮಕ್ಕಳದ್ದಷ್ಟೇ ಬರ್ಸಿ ಸಾಕು ಅನ್ನೋರಿದಾರೆ. ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಹೆಂಗಸು ವಿಲ್ ಮಾಡದೆ ತೀರಿಕೊಂಡ್ರೆ ಗಂಡ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ರಿಗೂ ಸಮ ಪಾಲು, ಮೊದಲೇ ತೀರಿಕೊಂಡ ಮಗನೋ ಮಗಳೋ ಇದ್ರೆ ಅವರ ಮಕ್ಕಳಿಗೆ ಆ ಪಾಲು. ನಮ್ಮ ದೊಡ್ಡ ಮಾವ ಮೊದಲೇ ತೀರಿಕೊಂಡಿದ್ರು, ಅವರ ಮಕ್ಕಳಿಬ್ರೂ ಹೊರಗಡೆ ಇದಾರೆ, ಅವರ ಒಪ್ಪಿಗೆ ಸಹಿ ಇಲ್ದೆ ಒಂದು ರೂಪಾಯಿನೂ ಅಲುಗಾಡಲ್ಲ. ಇಬ್ರಿಗೂ ಫೋನ್ ಮಾಡಿ ಅಜ್ಜಿ ನೋಟ್ ಬುಕ್ಕಿನ ಹಾಳೆಗಳ ಫೋಟೋ ಕಳ್ಸಿದೆ. ದೊಡ್ಡವನು ಒಂದು ವಾರ ಏನೂ ಹೇಳ್ಲಿಲ್ಲ, ಅವನ ಮನೇಲೂ ಕಷ್ಟ ಇತ್ತು, ದುಡ್ಡು ಬೇಕಾಗಿತ್ತು ಅನ್ನೋದು ನಮಗೂ ಗೊತ್ತಿತ್ತು. ಅದಕ್ಕೆ ಅಮ್ಮನೇ ಹೇಳಿದ್ರು, ಅವನ ಪಾಲು ಅವನಿಗೆ ಕೊಟ್ಬಿಡೋಣ, ಉಳಿದಿದ್ರಲ್ಲಿ ಮಾಡೋಣ, ಅಜ್ಜಿ ಇದ್ದಿದ್ರೂ ಅದನ್ನೇ ಮಾಡೋರು ಅಂತ. ಹಾಗೇ ಮಾಡಿದ್ವಿ. ಸತ್ಕಾರ್ಯಕ್ಕೆ ಅಂತ ಯಾರ ಮೇಲೂ ಒತ್ತಡ ಹಾಕ್ಬೇಡಿ, ನಾಳೆ ಆ ದತ್ತಿ ಹೆಸರು ಕೇಳಿದಾಗ ಮನೇಲಿ ಯಾರಿಗೂ ನೋವಾಗಬಾರದು.

ದುಡ್ಡು ಎರಡು ಕಡೆ ಇತ್ತು. ಬ್ಯಾಂಕಲ್ಲಿ ಅಮ್ಮ ನಾಮಿನಿ ಆಗಿದ್ರು, ಹೆಸರಿನ ಅಫಿಡವಿಟ್ ಕೊಟ್ಟ ಮೇಲೆ ಬೇಗ ಆಯ್ತು. ನಾಮಿನಿ ಇದ್ರೆ ಎಲ್ಲಾ ದಾಖಲೆ ಕೊಟ್ಟ 15 ದಿನದೊಳಗೆ ಇತ್ಯರ್ಥ ಮಾಡ್ಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮ ಇದೆ, ಅದಕ್ಕೆ ದಾಖಲೆ ಕೊಟ್ಟ ದಿನವೇ ಸೀಲ್ ಹಾಕಿದ ಸ್ವೀಕೃತಿ ತಗೊಳ್ಳಿ. ನಾಮಿನಿ ಅಂದ್ರೆ ದುಡ್ಡಿನ ಮಾಲೀಕರಲ್ಲ, ವಾರಸುದಾರರ ಪರವಾಗಿ ಇಸ್ಕೊಳ್ಳೋರು ಅಷ್ಟೇ ಅನ್ನೋದೂ ನೆನಪಿರ್ಲಿ. ಎಟಿಎಂ ಕಾರ್ಡ್ ಇದೆ ಪಿನ್ ಗೊತ್ತಿದೆ ಅಂತ ತೀರಿಕೊಂಡ ಮೇಲೆ ದುಡ್ಡು ತೆಗೀಲೇಬಾರದು.

ಅಂಚೆ ಕಚೇರೀದು ತಡ ಆಗಿದ್ದು. ಅಜ್ಜಿ ಉಳಿತಾಯದ ಹೆಚ್ಚಿನ ಭಾಗ ಅಲ್ಲೇ ಇತ್ತು, ಅಲ್ಲಿ ನಾಮಿನಿ ತಾತ. ತಾತ ಹೋಗಿ ಎಷ್ಟೋ ವರ್ಷ ಆಯ್ತು, ನಾಮಿನಿ ಬದಲಾಯಿಸಿರ್ಲಿಲ್ಲ. ಅಂದ್ರೆ ನಾಮಿನಿಯೇ ಇಲ್ಲದ ಹಾಗೆ. ನಾಮಿನಿ ಇಲ್ದಿದ್ರೆ, 5 ಲಕ್ಷದವರೆಗಿನ ಮೊತ್ತಕ್ಕೆ ಕೋರ್ಟಿನ ಉತ್ತರಾಧಿಕಾರ ಪತ್ರ ಬೇಡ, ಆದ್ರೆ ತೀರಿಕೊಂಡ ದಿನದಿಂದ ಆರು ತಿಂಗಳು ಆಗೋವರೆಗೂ ಕಾಯ್ಬೇಕು. ಆಮೇಲೆ ದುಡ್ಡು ಕೇಳೋ ಅರ್ಜಿ ಫಾರಂ 11, ಅದರ ಜೊತೆ ಅಫಿಡವಿಟ್, ಉಳಿದ ವಾರಸುದಾರರು ನಮಗೆ ತಕರಾರಿಲ್ಲ ಅಂತ ಕೊಡೋ ಪತ್ರ, ಜಾಮೀನುದಾರರ ಸಹಿ ಇರೋ ಇಂಡೆಮ್ನಿಟಿ ಬಾಂಡ್ (ಮುಂದೆ ಬೇರೆ ಯಾರಾದ್ರೂ ಹಕ್ಕು ಕೇಳಿದ್ರೆ ನಷ್ಟ ನಾವು ತುಂಬ್ತೀವಿ ಅನ್ನೋ ಮುಚ್ಚಳಿಕೆ). ಆ ಆರು ತಿಂಗಳಲ್ಲಿ ಏನೂ ಮಾಡೋ ಹಾಗಿಲ್ಲ ಅಂತ ಕೂರ್ಬೇಡಿ, ಕಾಗದಗಳನ್ನೆಲ್ಲ ಸಿದ್ಧ ಮಾಡಿಟ್ಕೊಂಡ್ರೆ ಅವಧಿ ಮುಗಿದ ಮಾರನೇ ದಿನವೇ ಕೊಡಬಹುದು. ಇದನ್ನ ಓದ್ತಿರೋರು ಇವತ್ತೇ ನಿಮ್ಮ ಅಪ್ಪ ಅಮ್ಮ ಅಜ್ಜ ಅಜ್ಜಿ ಪಾಸ್ ಬುಕ್ ತೆಗೆದು ನಾಮಿನಿ ಯಾರು, ಬದುಕಿದಾರಾ ನೋಡಿ. ಅವರು ಇರುವಾಗ ಒಂದು ಸಹಿಯಲ್ಲಿ ಮುಗಿಯೋ ಕೆಲಸ ಇದು.

ಅಂಗನವಾಡಿ ಕಾರ್ಯಕರ್ತೆಯರು, ಸಹಾಯಕಿಯರು ಇರೋ ಮನೆಗಳಿಗೆ ಇನ್ನೊಂದು ಮಾತು. ಅವರಿಗೂ ಗ್ರಾಚ್ಯುಟಿ (ಕೆಲಸ ಬಿಡುವಾಗ ಸೇವೆ ವರ್ಷದ ಲೆಕ್ಕದಲ್ಲಿ ಕೊಡೋ ಇಡಿಗಂಟು) ಹಕ್ಕಿದೆ ಅಂತ ಸುಪ್ರೀಂ ಕೋರ್ಟು 2022ರ ಏಪ್ರಿಲ್‌ನಲ್ಲಿ ತೀರ್ಪು ಕೊಟ್ಟಿದೆ. ನಮ್ಮಜ್ಜಿ 60 ತುಂಬಿ ಬಿಟ್ಟಿದ್ದು ಅದಕ್ಕಿಂತ ಎಷ್ಟೋ ಮೊದಲು, ಕೈಗೆ ಬಂದಿದ್ದು ಒಂದು ಶಾಲು ಒಂದು ತೆಂಗಿನಕಾಯಿ. ಸುಮಾರು ಮೂವತ್ತು ವರ್ಷ ಬೇರೆಯವರ ಮಕ್ಕಳಿಗೆ ಊಟ ಹಾಕಿದ ಹೆಂಗಸಿಗೆ ವಯಸ್ಸಾದ ಮೇಲೆ ಒಂದು ಪಿಂಚಣಿ ಇಲ್ಲ ಅನ್ನೋದು ನನಗೆ ಇವತ್ತಿಗೂ ಹೊಟ್ಟೆ ಉರಿಯೋ ವಿಷಯ. ಈಗ ಸೇವೇಲಿರೋರು, ಈಚೆಗೆ ನಿವೃತ್ತಿ ಆದವರು ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರೀಲಿ ತಮಗೆ ಅನ್ವಯ ಆಗತ್ತಾ ಅಂತ ಲಿಖಿತದಲ್ಲೇ ಕೇಳಿ, ಸೇರಿದ ಆದೇಶ, ಗೌರವಧನ ಬಂದ ಪಾಸ್ ಬುಕ್ ಎರಡನ್ನೂ ಜೋಪಾನವಾಗಿಡಿ.

ಅಂಚೆ ಕಚೇರಿ ಕಾಯುವಿಕೆ ನಡೀತಿದ್ದಾಗ ದುಡ್ಡನ್ನ ಹೇಗೆ ಇಡೋದು ಅನ್ನೋ ಚರ್ಚೆ. ಮಾವನಿಗೆ ಅಜ್ಜಿ ಹೆಸರಲ್ಲಿ ಟ್ರಸ್ಟ್ ಮಾಡ್ಬೇಕು ಅಂತ. ಒಬ್ಬ ಆಡಿಟರ್ ಹತ್ರ ಹೋಗಿ ಕೂತ್ವಿ, ಒಳ್ಳೆ ಮನುಷ್ಯ, ಫೀಸ್ ಕೂಡ ತಗೊಳ್ಳದೆ ಎಲ್ಲಾ ಬಿಡಿಸಿ ಹೇಳಿದ್ರು. ಟ್ರಸ್ಟ್ ಡೀಡ್ ಬರೆಸಿ ಉಪನೋಂದಣಾಧಿಕಾರಿ ಕಚೇರೀಲಿ ನೋಂದಣಿ ಮಾಡಿಸ್ಬೇಕು, ಟ್ರಸ್ಟಿಗಳು, ಸಾಕ್ಷಿಗಳು ಎಲ್ರೂ ಬರ್ಬೇಕು, ಟ್ರಸ್ಟಿನ ವಿಳಾಸಕ್ಕೆ ಮನೆ ಮಾಲೀಕರ ಒಪ್ಪಿಗೆ ಪತ್ರ ಬೇಕು. ಮುಂದೆ ಟ್ರಸ್ಟ್ ಮುಚ್ಚಿದ್ರೆ ಆಸ್ತಿ ಅದೇ ಉದ್ದೇಶದ ಇನ್ನೊಂದು ಟ್ರಸ್ಟಿಗೆ ಹೋಗ್ಬೇಕೇ ಹೊರತು ಮನೆಯವರಿಗೆ ವಾಪಸ್ ಬರಬಾರದು ಅಂತ ಡೀಡಲ್ಲಿ ಸ್ಪಷ್ಟವಾಗಿ ಬರ್ದಿರ್ಬೇಕು, ಇಲ್ದಿದ್ರೆ ಆದಾಯ ತೆರಿಗೆ ನೋಂದಣಿ ಹೊತ್ತಲ್ಲಿ ತಕರಾರು ಬರತ್ತೆ. ಆಮೇಲೆ ಪ್ಯಾನ್, ಬ್ಯಾಂಕ್ ಖಾತೆ, ತೆರಿಗೆ ವಿನಾಯಿತಿ ನೋಂದಣಿ, ಕೊಡೋರಿಗೆ ತೆರಿಗೆ ರಿಯಾಯಿತಿ ಸಿಗ್ಬೇಕು ಅಂದ್ರೆ 80ಜಿ (ಇದು ಹಳೇ ಕಾಯ್ದೆಯ ಕಲಂ ನಂಬರ್) ನೋಂದಣಿ. ಮೊದಲು ಸಿಗೋದು ತಾತ್ಕಾಲಿಕ ನೋಂದಣಿ, ಆಮೇಲೆ ಮತ್ತೆ ಅರ್ಜಿ. 80ಜಿ ತಗೊಂಡ್ರೆ ಪ್ರತಿ ವರ್ಷ ಯಾರು ಎಷ್ಟು ಕೊಟ್ರು ಅನ್ನೋ ಪಟ್ಟಿ ಸಲ್ಲಿಸ್ಬೇಕು, 2,000 ರೂಪಾಯಿಗಿಂತ ಹೆಚ್ಚು ನಗದಲ್ಲಿ ಕೊಟ್ಟಿದ್ದಕ್ಕೆ ರಿಯಾಯಿತಿ ಸಿಗಲ್ಲ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿರೋದ್ರಿಂದ ಕಲಂ ನಂಬರುಗಳು, ಫಾರಂಗಳು ಬದಲಾಗಿವೆ, ಹಳೇ ಮಾಹಿತಿ ನಂಬ್ಕೊಂಡು ಫಾರಂ ತುಂಬಬೇಡಿ.

ಎಲ್ಲಾ ಹೇಳಿ ಆಡಿಟರ್ ಒಂದೇ ಪ್ರಶ್ನೆ ಕೇಳಿದ್ರು, ಹೊರಗಿನವರಿಂದ ದುಡ್ಡು ಎತ್ತೋ ಯೋಚನೆ ಇದ್ಯಾ ಅಂತ. ಇಲ್ಲ ಅಂದ್ವಿ. ಹಂಗಿದ್ರೆ ಟ್ರಸ್ಟ್ ಬೇಡ, ಬರೋ ಬಡ್ಡೀಲಿ ದೊಡ್ಡ ಪಾಲು ಲೆಕ್ಕಪತ್ರದ ಖರ್ಚಿಗೇ ಹೋಗತ್ತೆ, ಶಾಲೇಲಿ ದತ್ತಿ ಇಡಿ ಅಂದ್ರು. ನನ್ನ ಅಭಿಪ್ರಾಯನೂ ಈಗ ಅದೇ. ಮೂರು ನಾಲ್ಕು ಲಕ್ಷದ ಒಳಗಿನ ದುಡ್ಡು, ಒಂದೇ ಊರಿನ ಮಕ್ಕಳು, ಬೇರೆಯವರಿಂದ ದೇಣಿಗೆ ಇಲ್ಲ ಅಂದ್ರೆ ದತ್ತಿನೇ ಸರಿ. ಊರೂರಿಗೆ ಹೋಗಿ ಕೆಲಸ ಮಾಡ್ಬೇಕು, ಸಂಬಳ ಕೊಟ್ಟು ಜನ ಇಟ್ಕೋಬೇಕು ಅನ್ನೋರಿಗೆ ಟ್ರಸ್ಟ್.

ದತ್ತಿ ಅಂದ ಮೇಲೂ ಒಂದು ಅಡ್ಡಿ ಬಂತು, ಇದನ್ನ ನಾವು ಯಾರೂ ಊಹೆ ಮಾಡಿರ್ಲಿಲ್ಲ. ಅಜ್ಜಿ ಕೆಲಸ ಮಾಡಿದ್ದು ಅಂಗನವಾಡೀಲಿ, ದತ್ತಿ ಇಡೋ ಪದ್ಧತಿ ಇರೋದು ಶಾಲೇಲಿ. ಅಂಗನವಾಡಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆದು, ಶಾಲೆ ಶಿಕ್ಷಣ ಇಲಾಖೆದು. ಎರಡೂ ಒಂದೇ ಕಾಂಪೌಂಡಲ್ಲಿದ್ರೂ ಶಾಲೆ ಖಾತೇಲಿರೋ ದತ್ತಿ ಬಡ್ಡೀನ ಅಂಗನವಾಡಿ ಮಗೂಗೆ ಖರ್ಚು ಮಾಡೋಕೆ ಮುಖ್ಯ ಶಿಕ್ಷಕರಿಗೆ ಬರಲ್ಲ, ಆಡಿಟ್ ಆದಾಗ ಅವರೇ ಉತ್ತರ ಕೊಡ್ಬೇಕಾಗತ್ತೆ. ನಮಗೆ ಬೇಕಾಗಿದ್ದಿದ್ದು ಮೂರು ವರ್ಷದ, ತೂಕ ಕಮ್ಮಿ ಇರೋ ಮಕ್ಕಳಿಗೆ. ಒಂದು ವಾರ ತಲೆ ಕೆಟ್ಟೋಗಿತ್ತು.

ಆವಾಗ ಈಗಿರೋ ಕಾರ್ಯಕರ್ತೆ ಹತ್ರ ಕೂತು ಮಾತಾಡಿದ್ದೇ ದಾರಿ ಮಾಡಿಕೊಡ್ತು. ಅಜ್ಜಿ ಬಸ್ ಚಾರ್ಜ್ ಕೊಡ್ತಿದ್ರು, ನಾವೂ ಅದನ್ನೇ ಮಾಡೋಣ ಅಂತ ಚಿಕ್ಕಮ್ಮ ಹೇಳಿದಾಗ ಮಾವ, 2023ರಿಂದ ಶಕ್ತಿ ಯೋಜನೇಲಿ ಹೆಂಗಸರಿಗೆ ಸರ್ಕಾರಿ ಬಸ್ ಫ್ರೀ ಇದೆಯಲ್ಲ, ಬಸ್ ಚಾರ್ಜ್ ಯಾಕೆ ಬೇಕು ಅಂದಿದ್ರು. ಆ ಪ್ರಶ್ನೆ ನ್ಯಾಯವಾದದ್ದೇ. ಕಾರ್ಯಕರ್ತೆ ಹೇಳಿದ್ದು ಕೇಳಿ ನಮಗೆ ಗೊತ್ತಾಯ್ತು, ಬಸ್ ಫ್ರೀ ಇರೋದು ನಿಜ, ಅದರಿಂದ ತುಂಬಾ ಅನುಕೂಲ ಆಗಿದೆ, ಆದ್ರೆ ನಮ್ಮ ಊರಿನ ಕೊನೇ ಮನೆಗಳಿಂದ ಬಸ್ ಸ್ಟಾಪಿಗೆ ಬರೋಕೆ ಆಟೋ ಬೇಕು. ತೋಳಿನ ಸುತ್ತಳತೆ 11.5 ಸೆಂಟಿಮೀಟರ್‌ಗಿಂತ ಕಮ್ಮಿ ಬಂದ, ಅಂದ್ರೆ ತೀವ್ರ ಅಪೌಷ್ಟಿಕತೆ ಇರೋ ಮಗೂನ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಸೇರಿಸಿದ್ರೆ ತಾಯಿ ಮಗು ಇಬ್ರೂ ಸಾಮಾನ್ಯವಾಗಿ 14 ದಿನ ಅಲ್ಲೇ ಇರ್ಬೇಕು, ಅಲ್ಲಿ ಊಟ ಚಿಕಿತ್ಸೆ ಎಲ್ಲಾ ಉಚಿತ, ಆದ್ರೆ ಮನೇಲಿರೋ ಇನ್ನೊಂದು ಮಗೂನ ಯಾರು ನೋಡ್ಕೋತಾರೆ, ಹಸು ಯಾರು ಕರೀತಾರೆ, ಅದಕ್ಕೇ ತಾಯಂದಿರು ಹೋಗಲ್ಲ, ಹೋದ್ರೂ ಎರಡೇ ದಿನಕ್ಕೆ ವಾಪಸ್ ಬರ್ತಾರೆ. ಆ ಹದಿನಾಲ್ಕು ದಿನ ಮನೆ ನಡೆಯೋಕೆ ಒಂದಿಷ್ಟು ಕೈಗೆ ಸಿಕ್ಕಿದ್ರೆ ಸಾಕು ಅಂದ್ರು. ಆ ಹುಡುಗಿ ಇಷ್ಟು ಸ್ಪಷ್ಟವಾಗಿ ಹೇಳೋವರೆಗೂ ನಮ್ಮ ಪ್ಲಾನಲ್ಲಿ ಬ್ಯಾಗು, ಆಟದ ಸಾಮಾನು, ಗೋಡೆ ಬಣ್ಣ ಇದೇ ಇತ್ತು. ಹಿರಿಯರ ಹೆಸರಲ್ಲಿ ಏನಾದ್ರೂ ಮಾಡೋರು ದಯವಿಟ್ಟು ಮೊದಲು ಅಲ್ಲಿ ದಿನಾ ಕೆಲಸ ಮಾಡೋರನ್ನ ಕೇಳಿ, ನಾಮಫಲಕದ ಅಳತೆ ಆಮೇಲೆ ತಗೊಳ್ಳಿ.

ಕೊನೆಗೆ ದುಡ್ಡನ್ನ ಎರಡು ಭಾಗ ಮಾಡಿದ್ವಿ. ದೊಡ್ಡ ಭಾಗ, 2 ಲಕ್ಷ, ಶಾಲೆ ದತ್ತಿ: ಅಂಗನವಾಡಿಯಿಂದ ಒಂದನೇ ಕ್ಲಾಸಿಗೆ ಬರೋ ಮಕ್ಕಳಿಗೆ ಅಂತ. ಇನ್ನೊಂದು ಭಾಗ ಅಮ್ಮನ ಹೆಸರಲ್ಲೇ ಬೇರೆ ಠೇವಣಿ, ಅದರ ಬಡ್ಡೀಲಿ ತಾಯಂದಿರಿಗೆ ನೇರವಾಗಿ ಕೊಡೋದು, ಯಾವ ಮಗೂಗೆ ಅಂತ ಕಾರ್ಯಕರ್ತೆ ಮತ್ತೆ ಅಂಗನವಾಡಿಯ ಬಾಲವಿಕಾಸ ಸಮಿತಿಯವರು ಹೇಳ್ತಾರೆ, ಮೇಲ್ವಿಚಾರಕಿಗೂ ಒಂದು ಪತ್ರ ಕೊಟ್ಟು ತಿಳಿಸಿದೀವಿ. ಇಲಾಖೆ ಖಾತೆಗೆ ದುಡ್ಡು ಹಾಕಿಲ್ಲ, ಕಾರ್ಯಕರ್ತೆ ಕೈಗೂ ಕೊಡಲ್ಲ, ಅವರಿಗೆ ಅದರಿಂದ ಒಂದು ಮಾತೂ ಬರಬಾರದು ಅಂತ.

ಶಾಲೆ ದತ್ತಿಗೆ ಬೇಕಾಗಿದ್ದು ಇಷ್ಟು. ಮುಖ್ಯ ಶಿಕ್ಷಕರಿಗೆ ನಮ್ಮ ಅರ್ಜಿ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೇಲಿ ಅದನ್ನ ಒಪ್ಪಿದ ನಡಾವಳಿ, ಅದರ ಪ್ರತಿ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಗೆ, ಆಮೇಲೆ ದತ್ತಿ ಪತ್ರ, ಆಮೇಲೆ ಬ್ಯಾಂಕ್ ಠೇವಣಿ. ಸಭೆ ಸೇರೋದೇ ತಡ ಆಯ್ತು, ಒಂದು ಸಲ ಜನ ಸೇರ್ಲಿಲ್ಲ, ಆಮೇಲೆ ಪರೀಕ್ಷೆ, ಆಮೇಲೆ ರಜಾ. ಶಾಲೆಗೆ ಏನಾದ್ರೂ ಮಾಡೋರು ಜೂನ್ ಜುಲೈನಲ್ಲೇ ಮಾತು ಶುರು ಮಾಡಿ. ಬ್ಯಾಂಕಲ್ಲಿ ಒಬ್ರು ಶಾಲೆ ಹೆಸರಲ್ಲಿ ಎಫ್‌ಡಿ ಮಾಡೋಕೆ ಬರಲ್ಲ ಅಂದ್ರು, ಮ್ಯಾನೇಜರ್ ಬಂದು ನಡಾವಳಿ ನೋಡಿ ಆಗತ್ತೆ ಅಂದ್ರು, ಅದಕ್ಕೆ ನಡಾವಳೀಲಿ ಎಷ್ಟು ಮೊತ್ತ, ಯಾರ ಜಂಟಿ ಸಹಿ, ಬಡ್ಡಿ ಯಾವ ಖಾತೆಗೆ ಅನ್ನೋದು ಅಕ್ಷರಶಃ ಇರೋ ಹಾಗೆ ನೋಡ್ಕೊಳ್ಳಿ.

ದತ್ತಿ ಪತ್ರದಲ್ಲಿ ನಾವು ತುಂಬಾ ಯೋಚನೆ ಮಾಡಿ ಬರೆಸಿದ್ದು ಇವು. ಅಸಲು ಮುಟ್ಟೋ ಹಾಗಿಲ್ಲ, ಬಡ್ಡಿ ಮಾತ್ರ. ಅವಧಿ ಮುಗಿದಾಗ ತಾನಾಗೇ ನವೀಕರಣ. ಆ ವರ್ಷ ಖರ್ಚಾಗದ ಬಡ್ಡಿ ಮುಂದಿನ ವರ್ಷಕ್ಕೆ. ಮುಖ್ಯ ಶಿಕ್ಷಕರು ವರ್ಗ ಆದ್ರೆ, ಸಮಿತಿ ಅಧ್ಯಕ್ಷರು ಬದಲಾದ್ರೆ ಹೊಸಬರ ಸಹಿ ಬ್ಯಾಂಕಿಗೆ ಹೋಗ್ಬೇಕು. ಮಕ್ಕಳ ಸಂಖ್ಯೆ ಕಮ್ಮಿಯಾಗಿ ಶಾಲೆ ಬೇರೆ ಶಾಲೆ ಜೊತೆ ವಿಲೀನ ಆದ್ರೆ ದತ್ತಿನೂ ಅಲ್ಲಿಗೇ ಹೋಗ್ಬೇಕು. ಈ ಕೊನೇದನ್ನ ಬರೆಸುವಾಗ ಮುಖ್ಯ ಶಿಕ್ಷಕರು ಬೇಜಾರು ಮಾಡ್ಕೊಂಡ್ರು, ನಮ್ಮ ಶಾಲೆ ಮುಚ್ಚತ್ತೆ ಅಂತೀರಾ ಅಂತ. ಇಲ್ಲ ಸರ್, ಮಕ್ಕಳು ಎಲ್ಲಿಗೆ ಹೋದ್ರೂ ಅವರ ಹಿಂದೆ ಹೋಗ್ಲಿ ಅಂತ ಅಂದ್ರು ಅಮ್ಮ, ಅವರು ಆಮೇಲೆ ತಾವೇ ಆ ಸಾಲನ್ನ ಸರಿಯಾಗಿ ಬರೆದು ಕೊಟ್ರು. ಇನ್ನೊಂದು ಷರತ್ತು, ಕೊಡುವಾಗ ಮಕ್ಕಳನ್ನ ವೇದಿಕೆ ಮೇಲೆ ಸಾಲಾಗಿ ನಿಲ್ಲಿಸಿ ಫೋಟೋ ತೆಗೆಯೋ ಹಾಗಿಲ್ಲ. ತೂಕ ಕಮ್ಮಿ ಇರೋ ಮಗೂನ ಎಲ್ಲರೆದುರು ತೂಕ ಹಾಕಬಾರದು ಅಂತ ಅಜ್ಜಿ ಸಹಾಯಕಿಗೆ ಹೇಳ್ತಿದ್ದನ್ನ ನಾನೇ ಕೇಳಿದೀನಿ, ಆ ತಾಯಿಗೆ ಊರಲ್ಲಿ ತಲೆ ಎತ್ತಿ ಓಡಾಡೋಕೆ ಆಗ್ಬೇಕು ಅನ್ನೋರು.

ಅಜ್ಜಿ ನೋಟ್ ಬುಕ್‌ಗಳನ್ನ ಏನು ಮಾಡೋದು ಅಂತ ಕೆಲವರು ಕೇಳಿದ್ರು, ಊರಿನ ಲೈಬ್ರರೀಲಿ ಇಡಿ ಅಂದ್ರು. ಅದರಲ್ಲಿ ಮಕ್ಕಳ ಹೆಸರು, ಮನೆತನ, ಯಾವ ಮನೇಲಿ ಏನು ಕಷ್ಟ ಅನ್ನೋದೆಲ್ಲ ಇದೆ, ಆ ಮಕ್ಕಳು ಈಗ ಅಪ್ಪ ಅಮ್ಮ ಆಗಿದಾರೆ. ಅದಕ್ಕೆ ಕೊಟ್ಟಿಲ್ಲ, ಮನೇಲೇ ಇಟ್ಕೊಂಡಿದೀವಿ. ಯಾರಾದ್ರೂ ತಮ್ಮದೇ ಪುಟ ನೋಡ್ಬೇಕು ಅಂತ ಬಂದ್ರೆ ತೋರಿಸ್ತೀವಿ, ಈಗಾಗಲೇ ಕೆಲವರು ಬಂದು ಹೋಗಿದಾರೆ, ಒಬ್ರು ತಮ್ಮ ಮಗಳನ್ನೂ ಕರ್ಕೊಂಡು ಬಂದು ನೋಡು ನಿನ್ನ ವಯಸ್ಸಲ್ಲಿ ನಾನು ಇಷ್ಟೇ ತೂಕ ಇದ್ದೆ ಅಂತ ತೋರಿಸಿದ್ರು.

ಸದ್ಯಕ್ಕೆ ಬಾಕಿ ಇರೋದು ಎರಡು ಕೆಲಸ. ಶಾಲೆ ದತ್ತಿಯ ಮೊದಲ ಬಡ್ಡಿ ಬರೋದು ಮುಂದಿನ ವರ್ಷ, ಅಲ್ಲೀವರೆಗೆ ಈ ವರ್ಷ ಒಂದನೇ ಕ್ಲಾಸಿಗೆ ಬಂದ ಮಕ್ಕಳಿಗೆ ಮನೆಯವರೇ ಸೇರಿ ಕೊಡ್ತಿದೀವಿ. ಅಮ್ಮನ ಹೆಸರಿನ ಠೇವಣಿಗೆ ನನ್ನನ್ನೂ ಚಿಕ್ಕಮ್ಮನ ಮಗಳನ್ನೂ ನಾಮಿನಿ ಮಾಡ್ಸೋ ಫಾರಂ ಕೊಟ್ಟಿದೀವಿ, ಅದರ ಸ್ವೀಕೃತಿ ಇನ್ನೂ ಬಂದಿಲ್ಲ, ಸೋಮವಾರ ಬ್ಯಾಂಕಿಗೆ ಹೋಗಿ ಕೇಳ್ಬೇಕು.